ಮಂಗನ ಸೂತಕ

ನವೆಂಬರ್ 10, ಸೋಮವಾರ

ರಾತ್ರಿ ಹಾಲು ಕುಡಿದದ್ದು 11.20, 1.05, 3.10, 4.40. ಪುಟ್ಟಿ ಒಟ್ಟು ಆರು ಗಂಟೆ ಮಲಗಿದಳು, ನಾನು ಎರಡು. ಉಳಿದ ನಾಲ್ಕು ಗಂಟೆ ಅವಳು ಉಸಿರಾಡುತ್ತಾಳೋ ಇಲ್ಲವೋ ಎಂದು ನೋಡುವುದರಲ್ಲಿ ಕಳೆಯಿತು. ಸಂಪ್ರೀತ್ ಮಗ್ಗುಲು ಬದಲಿಸಿ, "ಉಸಿರು ಕಟ್ಟಿದ್ರೆ ಅವಳೇ ಕೂಗ್ತಾಳೆ ಮಾರಾಯ್ತಿ, ಮಲಗು" ಎಂದರು. ಕಡಬದಲ್ಲಿ ಮೊಬೈಲ್ ಅಂಗಡಿ ಇಟ್ಟುಕೊಂಡ ಗಂಡಸಿಗೆ ಅಷ್ಟು ತರ್ಕ ಸಾಕಾಗುತ್ತದೆ.

ಫೋನಿನಲ್ಲಿರುವ ಮಗುವಿನ ಆ್ಯಪ್ ಪ್ರಕಾರ ನಾಲ್ಕು ತಿಂಗಳು ತುಂಬಿದ ಮಗು ಮಗುಚಿಕೊಳ್ಳಲು ನೋಡಬೇಕು. ಪುಟ್ಟಿ ಫ್ಯಾನ್ ನೋಡುತ್ತಾಳೆ. ಅದೂ ತಿರುಗುವಾಗ ಅಲ್ಲ, ಕರೆಂಟ್ ಹೋದಾಗ. ಇದು ಯಾವುದರ ಲಕ್ಷಣ ಎಂದು ಆ್ಯಪ್‌ನಲ್ಲಿ ಹುಡುಕಿದೆ. ಎಲ್ಲಿಯೂ ಇಲ್ಲ. ಇಲ್ಲದಿರುವುದು ಇನ್ನೂ ಹೆದರಿಕೆ.

ಪುನಃ ಶಾಲೆಗೆ ಹೋಗಲು ಶುರುಮಾಡಿ ಎಂಟು ದಿನವಾಯಿತು. ಮಗುವನ್ನು ಅತ್ತೆ ನೋಡಿಕೊಳ್ಳುತ್ತಾರೆ. ಕಡಬದಿಂದ ಜೀಪಿನಲ್ಲಿ ಮುಕ್ಕಾಲು ಗಂಟೆಯ ದಾರಿ, ಸರ್ಕಾರಿ ಪ್ರೌಢಶಾಲೆ, ನಾನು ವಿಜ್ಞಾನದ ಅತಿಥಿ ಶಿಕ್ಷಕಿ. ದಿನದಲ್ಲಿ ಆ ಆರು ಗಂಟೆ ಮಾತ್ರ ಯಾರಾದರೂ ನನ್ನನ್ನು ಹೆಸರು ಹಿಡಿದು ಕರೆಯುವುದು. ಮನೆಯಲ್ಲಿ ನನ್ನ ಹೆಸರು "ಇಗೋ, ಹಸಿವಾಯ್ತು ಕಾಣ್ತದೆ."

ಇಂದು ಮುಖ್ಯ ಶಿಕ್ಷಕರಾದ ಪ್ರೇಮನಾಥ ಸರ್ ಹಾಜರಿ ಪುಸ್ತಕ ಹಿಡಿದುಕೊಂಡು ಬಂದರು.

"ಪ್ರೀತಿಕಾ ಟೀಚರೇ, ಕೀರ್ತನ್ ಹೆಸರಿನ ಎದುರು '3.10, ಎಡ' ಅಂತ ಬರೆದಿದ್ದೀರಿ. ಎಂತ ಇದು?"

"ಬೆಂಚು ಸರ್. ಎಡಬದಿಯ ಬೆಂಚು."

"ಮತ್ತೆ 3.10?"

"ಅಷ್ಟು ಹೊತ್ತಿಗೆ ಅಲ್ಲಿ ಕೂತದ್ದು."

ಅವರು ಕನ್ನಡಕ ತೆಗೆದು ನನ್ನ ಮುಖ ನೋಡಿದರು. ಆಮೇಲೆ ವೈಟ್ನರ್ ಬಾಟಲಿ ತಂದು ಮೇಜಿನ ಮೇಲೆ ಇಟ್ಟರು.

ನವೆಂಬರ್ 12, ಬುಧವಾರ

ಹಾಲು 10.50, 12.30, 2.15, 2.50 (ಇದು ಲೆಕ್ಕಕ್ಕೆ ಇಲ್ಲ, ಬರೀ ಆಟ), 5.00.

ಹತ್ತನೆಯ ತರಗತಿಯಲ್ಲಿ ಅನುವಂಶೀಯತೆಯ ಪಾಠ ಮುಗಿಸಿ ಪುಸ್ತಕ ಮುಚ್ಚುವಾಗ ಯಶಸ್ವಿ ಎದ್ದು ನಿಂತಳು. ಶಾಲಾ ಸಮಿತಿಯ ಅಧ್ಯಕ್ಷ ಕುಕ್ಕಪ್ಪ ಗೌಡರ ಮಗಳು. ಅವಳು ಒಮ್ಮೆ ಎದ್ದರೆ ಉತ್ತರ ಸಿಗುವವರೆಗೆ ಕುಳಿತುಕೊಳ್ಳುವ ಕ್ರಮವಿಲ್ಲ. ಇವತ್ತು ಅವಳ ಕೈಯಲ್ಲಿ ಎರಡು ಪುಸ್ತಕ.

"ಟೀಚರ್, ಇದು ನನ್ನದ್ದು. ಇದು ಅಕ್ಕನ ಹಳೆ ಪುಸ್ತಕ. ಅಕ್ಕನದ್ದರಲ್ಲಿ ಈ ಪಾಠ ಇನ್ನೂ ಅರ್ಧ ಉಂಟು. ಜೀವಿಗಳು ಹೇಗೆ ಬದಲಾದದ್ದು, ಮನುಷ್ಯ ಎಲ್ಲಿಂದ ಬಂದದ್ದು, ಎಲ್ಲ. ನನ್ನದ್ದರಲ್ಲಿ ಇಲ್ಲ. ನಡುವೆ ಎಂತ ಆಯ್ತು?"

"ಪಾಠ ಕಡಿಮೆ ಮಾಡಿದ್ದಾರೆ. ನಿಮಗೆ ಹೊರೆ ಆಗ್ತದೆ ಅಂತ."

"ಅಕ್ಕನಿಗೆ ಇದು ಹೊರೆ ಆಗ್ಲಿಲ್ಲ. ಅವಳು ಎರಡು ಸಲ ಕೂತದ್ದು ಗಣಿತಕ್ಕೆ."

ಹಿಂದಿನ ಬೆಂಚಿನಿಂದ ಕೀರ್ತನ್, "ನಾವು ಮಂಗನಿಂದ ಬಂದದ್ದಾ ಟೀಚರ್?" ಎಂದು ಕೇಳಿದ. "ನೀನು ಹೌದು" ಎಂದು ಹುಡುಗಿಯರ ಕಡೆಯಿಂದ ಯಾರೋ ಹೇಳಿದರು. ಅಷ್ಟರಲ್ಲಿ ಬೆಲ್ ಆಯಿತು, ನಾನು ಬಚಾವಾದೆ.

ಪ್ರೇಮನಾಥ ಸರ್ ಹತ್ತಿರ ಕೇಳಿದೆ. ಅವರು ಬಾಗಿಲು ಮುಂದೆ ಮಾಡಿ ಬಂದು ಹೇಳಿದರು: "ಪರೀಕ್ಷೆಗೆ ಬರುದಿಲ್ಲ ಟೀಚರೇ, ಬಿಟ್ಟುಬಿಡಿ. ಈ ಊರಲ್ಲಿ ಮಂಗನ ಸುದ್ದಿ ತೆಗೀಲೇಬೇಡಿ. ಕಳೆದ ವರ್ಷ ಒಂದೇ ಗುಂಪು ಬಂದು ಕುಕ್ಕಪ್ಪ ಗೌಡರ ತೋಟದ ಎಳನೀರು ಪೂರ್ತಿ ಬೀಳಿಸಿ ಹೋಗಿದೆ. ಅದು ನಿಮ್ಮ ಸಂಬಂಧಿಕ ಅಂತ ಅವರ ಹತ್ರ ಹೇಳುದು ಯಾರು? ನಾನಲ್ಲ. ನನಗೆ ನಿವೃತ್ತಿಗೆ ಎರಡು ವರ್ಷ ಉಂಟು."

ಪ್ರಾಣಿಶಾಸ್ತ್ರ ಎಂಎಸ್ಸಿಯಲ್ಲಿ ನನಗೆ ಅತಿ ಹೆಚ್ಚು ಅಂಕ ಬಂದದ್ದು ಜೀವವಿಕಾಸದ ಪೇಪರಿನಲ್ಲಿ. ಇರಲಿ. ಬಿಟ್ಟುಬಿಡುತ್ತೇನೆ. ಜಗಳ ಮಾಡುವುದಕ್ಕೆ ಬೇಕಾದಷ್ಟು ನಿದ್ದೆ ನನಗೆ ಆಗಿಲ್ಲ.

ನವೆಂಬರ್ 13, ಗುರುವಾರ

ಬಿಡಲಿಲ್ಲ.

ತರಗತಿಗೆ ಹೋಗುವಾಗ ಯಶಸ್ವಿ ಎದ್ದೇ ನಿಂತಿದ್ದಳು, ನಿನ್ನೆಯಿಂದ ಕುಳಿತೇ ಇಲ್ಲವೇನೋ ಎಂಬ ಹಾಗೆ. ಎರಡು ಪುಸ್ತಕ ಎದೆಗೆ ಅವಚಿಕೊಂಡು. ನಾನು ಸುಮ್ಮನೆ ಸೀಮೆಸುಣ್ಣ ತೆಗೆದುಕೊಂಡೆ.

"ನಿಮ್ಮ ತರವಾಡು ಮನೆ ಎಲ್ಲಿ ಯಶಸ್ವಿ?" ಕುಟುಂಬದ ಮೂಲಮನೆ ಯಾವುದು ಎಂದು ಇಲ್ಲಿ ಯಾವ ಮಗುವನ್ನು ಕೇಳಿದರೂ ಉತ್ತರ ತಯಾರಿರುತ್ತದೆ.

"ಮರ್ಕಂಜ."

"ಅಲ್ಲಿಂದ ಎಷ್ಟು ಮನೆ ಕವಲಾಗಿ ಹೋಗಿದೆ?"

"ಹದಿನೇಳು. ಎರಡು ಮನೆಯವರ ಹತ್ರ ಮಾತಿಲ್ಲ."

"ಮಾತು ಬಿಟ್ಟ ಮನೆಯ ದೊಡ್ಡಪ್ಪ ಇದ್ದಾರಲ್ಲ, ನೀನು ಅವರಿಗೆ ಹುಟ್ಟಿದವಳಾ?"

"ಅಯ್ಯೋ ಇಲ್ಲ. ನಮಗೂ ಅವರಿಗೂ ಒಬ್ಬರೇ ಮುತ್ತಜ್ಜ, ಅಷ್ಟೆ."

"ಹಾಗೇ ಇದು ಕೂಡ. ಮಂಗನಿಂದ ಮನುಷ್ಯ ಬಂದದ್ದಲ್ಲ. ತುಂಬಾ ಹಿಂದೆ ಇಬ್ಬರಿಗೂ ಒಂದೇ ಹಿರಿಯರು. ಅವರು ಮಂಗನೂ ಅಲ್ಲ, ಮನುಷ್ಯನೂ ಅಲ್ಲ. ತರವಾಡು ಒಂದೇ, ಕವಲು ಬೇರೆ."

ಬೋರ್ಡಿನಲ್ಲಿ ಚಿತ್ರ ಬರೆದೆ. ಮಕ್ಕಳಿಗೆ ಇಷ್ಟು ಬೇಗ ಯಾವ ಪಾಠವೂ ಅರ್ಥವಾದದ್ದಿಲ್ಲ. ಕೀರ್ತನ್ ಮಾತ್ರ ಗಂಭೀರವಾಗಿ, "ಹಾಗಾದ್ರೆ ಅದು ತೋಟಕ್ಕೆ ಬರುದು ಪಾಲು ಕೇಳ್ಲಿಕ್ಕಾ ಟೀಚರ್?" ಎಂದ. ಯಾರೂ ನಗಲಿಲ್ಲ. ಈ ಊರಲ್ಲಿ ಪಾಲಿನ ವಿಷಯಕ್ಕೆ ಮಕ್ಕಳೂ ನಗುವುದಿಲ್ಲ.

ಜೀಪಿನಲ್ಲಿ ಬರುವಾಗ ಕುಳಿತಲ್ಲೇ ನಿದ್ದೆ ಬಂದು ಸ್ಟಾಪು ದಾಟಿತು. ಒಂದು ಕಿಲೋಮೀಟರ್ ಹಿಂದೆ ನಡೆದೆ. ಅಷ್ಟು ಹೊತ್ತು ಮಗು ಅತ್ತಿರುತ್ತದೆ, ಎಂಥ ತಾಯಿ ನಾನು.

(ಅತ್ತಿರಲಿಲ್ಲ.)

ನವೆಂಬರ್ 17, ಸೋಮವಾರ

ಶಾಲೆಯ ಹಿಂದಿನ ವಿದ್ಯುತ್ ತಂತಿಗೆ ಒಂದು ದೊಡ್ಡ ಮಂಗ ಸಿಕ್ಕಿ ಸತ್ತಿತು. ಮಕ್ಕಳು ಗುಡ್ಡದ ಬದಿಯಲ್ಲಿ ಹೊಂಡ ತೆಗೆದು, ದಾಸವಾಳ ಇಟ್ಟು, ಮಣ್ಣು ಮುಚ್ಚಿದರು. ಹೋದ ವಾರ ಇದೇ ಮಂಗನಿಗೆ ಕಲ್ಲು ಹೊಡೆದವರೇ. ಯಶಸ್ವಿ ತುಂಬಾ ಯೋಚನೆ ಮಾಡುತ್ತಿರುವ ಮುಖ ಮಾಡಿ ನಿಂತಿದ್ದಳು. ಆಗಲೇ ನನಗೆ ಗೊತ್ತಾಗಬೇಕಿತ್ತು.

ನವೆಂಬರ್ 18, ಮಂಗಳವಾರ

ಅಂಗನವಾಡಿಯಲ್ಲಿ ಪುಟ್ಟಿಯ ತೂಕ ನೋಡಿಸಿದೆ. ಹೋದ ವಾರದಷ್ಟೇ. ಇನ್ನೊಮ್ಮೆ ನೋಡಿ ಎಂದೆ. ಮೂರನೆಯ ಸಲ ಕೇಳಿದಾಗ ಕಾರ್ಯಕರ್ತೆ ಸತ್ಯವತಿಯಕ್ಕ ಮಗುವನ್ನು ನನ್ನ ಕೈಗೆ ಕೊಟ್ಟು, "ಟೀಚರೇ, ಇದು ರಬ್ಬರ್ ಶೀಟ್ ಅಲ್ಲ, ವಾರ ವಾರ ತೂಗ್ಲಿಕ್ಕೆ" ಎಂದರು.

ರಾತ್ರಿ ಹಾಲು ಐದು ಸಲ. ಸಮಯ ಬರೆದ ಚೀಟಿಯನ್ನು ಪುಟ್ಟಿಯೇ ತಿಂದಳು. ಕಾಗದ ತಿಂದರೆ ಏನಾಗುತ್ತದೆ ಎಂದು ಹುಡುಕುವುದರಲ್ಲಿ ಬೆಳಗಾಯಿತು.

ನವೆಂಬರ್ 20, ಗುರುವಾರ

ಎಲ್ಲ ಹಾಳಾಯಿತು.

ಬಿಸಿಯೂಟದ ಶೀಲಾವತಿಯಕ್ಕನ ಮನೆ ಕುಕ್ಕಪ್ಪ ಗೌಡರ ಮನೆಯ ಪಕ್ಕದಲ್ಲೇ. ಮಧ್ಯಾಹ್ನ ಸಾಂಬಾರಿನ ಸೌಟು ಹಿಡಿದುಕೊಂಡೇ ಸ್ಟಾಫ್ ರೂಮಿಗೆ ಬಂದರು.

"ಟೀಚರೇ, ನೀವು ಎಂತ ಮಾಡಿ ಇಟ್ಟಿದ್ದೀರಿ ಗೊತ್ತುಂಟಾ?"

ಗೌಡರ ಮನೆಯಲ್ಲಿ ಇವತ್ತು ಹಿರಿಯರಿಗೆ ಬಡಿಸುವ ಕಾರ್ಯ ಇತ್ತಂತೆ. ವರ್ಷಕ್ಕೊಮ್ಮೆ ತೀರಿಹೋದವರಿಗೆಲ್ಲ ಒಳಕೋಣೆಯಲ್ಲಿ ಎಲೆ ಹಾಕಿ, ಅವರಿಗೆ ಇಷ್ಟವಾದ ಅಡುಗೆ ಬಡಿಸಿ, ಬಾಗಿಲು ಮುಂದೆ ಮಾಡಿ ಕಾಯುವುದು. ಮರ್ಕಂಜದಿಂದ ಎರಡು ಜೀಪು ತುಂಬಾ ದಾಯಾದಿಗಳು ಬಂದಿದ್ದಾರೆ. ಹನ್ನೆರಡು ಊರಕೋಳಿ ಬುಟ್ಟಿಯಡಿಯಲ್ಲಿ ಕಾಯುತ್ತಿವೆ. ಆಗ ಯಶಸ್ವಿ ಅಜ್ಜಿಯ ಹತ್ತಿರ ಹೋಗಿ ಕೇಳಿದ್ದಾಳೆ: "ಸೋಮವಾರ ಮಂಗ ಸತ್ತಿದೆ. ಅದೂ ನಾವೂ ಒಂದೇ ತರವಾಡು ಅಂತ ಟೀಚರ್ ಹೇಳಿದ್ದಾರೆ. ಅಜ್ಜಿ, ನಮಗೆ ಸೂತಕ ಇಲ್ವಾ?"

ಅಜ್ಜಿ ತಿಮ್ಮಕ್ಕ ಅರೆಯುತ್ತಿದ್ದ ಮಸಾಲೆ ಬಿಟ್ಟು ಎದ್ದರಂತೆ. ಕುಟುಂಬದಲ್ಲಿ ಸಾವಾದರೆ ಹಿರಿಯರಿಗೆ ಬಡಿಸುವ ಹಾಗಿಲ್ಲ. ಕುಕ್ಕಪ್ಪ ಗೌಡರು ಬೊಬ್ಬೆ ಹೊಡೆದರು, ದಾಯಾದಿಗಳು ನಕ್ಕರು. ಅಜ್ಜಿ ಹೇಳಿದ್ದು ಒಂದೇ: "ಇಲ್ಲದ ಸೂತಕ ಹಿಡಿದ್ರೆ ಎಂತ ಹೋಗ್ತದೆ? ಇದ್ದ ಸೂತಕ ಬಿಟ್ಟು ಬಡಿಸಿದ್ರೆ ಹಿರಿಯರು ಉಣ್ಲಿಕ್ಕಿಲ್ಲ. ಟೀಚರು ಎಂಎಸ್ಸಿ ಓದಿದವರು, ಗೊತ್ತಿಲ್ಲದೆ ಹೇಳ್ತಾರಾ?"

ಮರ್ಕಂಜದವರು ಗಂಜಿ ಮತ್ತು ಚಟ್ನಿ ಉಂಡು ವಾಪಸು ಹೋದರು. ಒಳ್ಳೆಯದಾದದ್ದು ಕೋಳಿಗಳಿಗೆ ಮಾತ್ರ.

ನವೆಂಬರ್ 21, ಶುಕ್ರವಾರ

ಗೌಡರು ಪ್ರೇಮನಾಥ ಸರ್‌ಗೆ ಫೋನ್ ಮಾಡಿದರಂತೆ. ಫೋನ್ ಕಿವಿಯಿಂದ ಒಂದು ಅಡಿ ದೂರ ಹಿಡಿದರೂ ಕೇಳುತ್ತಿತ್ತಂತೆ. ನಾಳೆ ಪೋಷಕರ ಸಭೆ. ನಾನು ಎಲ್ಲರ ಎದುರು ತಪ್ಪು ಒಪ್ಪಿಕೊಳ್ಳಬೇಕು. ಇಲ್ಲದಿದ್ದರೆ ನನ್ನ ಬದಲಿಗೆ ಬೇರೆ ಟೀಚರ್ ಕೊಡಿ ಎಂದು ಸಮಿತಿ ಶಿಕ್ಷಣಾಧಿಕಾರಿಗೆ ಬರೆಯುತ್ತದೆ.

ಸರ್ ಒಂದು ಚೀಟಿ ಕೊಟ್ಟರು. ಚೆಂದದ ಅಕ್ಷರ. "ಮನುಷ್ಯನಿಗೂ ಮಂಗನಿಗೂ ಯಾವುದೇ ಸಂಬಂಧವಿಲ್ಲ. ತರಗತಿಯಲ್ಲಿ ನಾನು ಹೇಳಿದ್ದು ತಪ್ಪು."

"ಎರಡು ವಾಕ್ಯ ಓದುದು, ಕೂತುಕೊಳ್ಳುದು. ವಿಜ್ಞಾನ ಎಲ್ಲಿಗೂ ಓಡಿಹೋಗುದಿಲ್ಲ. ನೀವು ಹೋಗ್ತೀರಿ."

ಓದಬೇಕು, ಬೇರೆ ದಾರಿಯಿಲ್ಲ. ಕೆಲಸ ಹೋದರೆ ದಿನದ ಇಪ್ಪತ್ತನಾಲ್ಕು ಗಂಟೆಯೂ ನಾನು ಉಸಿರು ಎಣಿಸುವವಳೇ. ಸಂಪ್ರೀತ್ ಹತ್ತಿರ ಹೇಳಿದರೆ, "ಓದು, ಮಂಗ ಬಂದು ಕಂಪ್ಲೇಂಟ್ ಕೊಡುದಿಲ್ಲ" ಎಂದರು. ಅತ್ತೆ ಮಾತ್ರ ಪುಟ್ಟಿಗೆ ಎಣ್ಣೆ ಹಚ್ಚುತ್ತಾ, "ಎರಡು ಪುಸ್ತಕ ಹಿಡಿದು ನಿಲ್ಲುವ ಆ ಹುಡುಗಿಗೆ ಮತ್ತೆ ಎಂತ ಹೇಳ್ತಿ?" ಎಂದು ಕೇಳಿದರು. ಈ ಮನೆಯಲ್ಲಿ ನಾನು ಶಾಲೆಯ ಸುದ್ದಿ ಹೇಳುವಾಗ ಅತ್ತೆ ಕೇಳಿಸಿಕೊಳ್ಳುತ್ತಾರೆ ಎಂದು ನನಗೆ ಗೊತ್ತಿರಲಿಲ್ಲ.

ನವೆಂಬರ್ 22, ಶನಿವಾರ

ನಡೆದದ್ದನ್ನು ನಡೆದ ಹಾಗೆ ಬರೆದಿಡುತ್ತೇನೆ.

ಸಭೆ ನಡೆದದ್ದು ಹತ್ತನೆಯ ತರಗತಿಯಲ್ಲೇ. ಮೂವತ್ತು ಮೂವತ್ತೈದು ಪೋಷಕರು ಮಕ್ಕಳ ಬೆಂಚುಗಳಲ್ಲಿ ಮೊಣಕಾಲು ಗಲ್ಲಕ್ಕೆ ತಾಗುವ ಹಾಗೆ ಕುಳಿತಿದ್ದರು. ಎದುರಿಗೆ ನನ್ನ ಕುರ್ಚಿಯಲ್ಲಿ ತಿಮ್ಮಕ್ಕ. ಕಿಟಕಿಯ ಹೊರಗೆ ಯಶಸ್ವಿ.

ಕುಕ್ಕಪ್ಪ ಗೌಡರು ಎದ್ದರು. ಬೊಬ್ಬೆ ಹೊಡೆಯಲಿಲ್ಲ. ಅದೇ ಹೆಚ್ಚು ಹೆದರಿಕೆಯಾದದ್ದು.

"ನನ್ನದು ದೊಡ್ಡ ಪ್ರಶ್ನೆ ಎಂತ ಅಲ್ಲ. ನಮ್ಮ ಹಿರಿಯರು ಊಟ ಇಲ್ಲದೆ ಕೂತಿದ್ದಾರೆ. ದಾಯಾದಿಗಳು ಗಂಜಿ ಕುಡಿದು ಹೋಗಿ ಊರಿಡೀ ಹೇಳ್ತಾ ಇದ್ದಾರೆ. ನಮಗೂ ಮಂಗನಿಗೂ ಸಂಬಂಧ ಉಂಟಾ ಇಲ್ವಾ? ಟೀಚರು ಎಲ್ಲರ ಎದುರು ಹೇಳ್ಲಿ."

ಪ್ರೇಮನಾಥ ಸರ್ ನನ್ನ ಕೈಯ ಚೀಟಿಯ ಕಡೆಗೆ ಕಣ್ಣಲ್ಲೇ ತೋರಿಸಿದರು. ನಾನು ಚೀಟಿ ಬಿಡಿಸಿದೆ, ಎದ್ದು ನಿಂತೆ.

"ಉಂಟು" ಎಂದೆ.

ಓದಬೇಕೆಂದೇ ನಿಂತದ್ದು. ಬಾಯಿಗೆ ಬಂದದ್ದು ಇದು. ನಿದ್ದೆಗೆಟ್ಟವರಲ್ಲಿ ಸುಳ್ಳು ಹೇಳುವಷ್ಟು ಚುರುಕು ಉಳಿದಿರುವುದಿಲ್ಲ ಎಂದು ಕಾಣುತ್ತದೆ.

ಸರ್ ಕಣ್ಣು ಮುಚ್ಚಿಕೊಂಡರು. ಮೂರನೇ ಬೆಂಚಿನಿಂದ ಮಾಯಿಲಪ್ಪಣ್ಣ, "ಹಾಗಾದ್ರೆ ಆಂಜನೇಯ ದೇವರು ನಮ್ಮ ಕುಟುಂಬ ಅಂತ ಆಯ್ತು. ಅದು ಮರ್ಯಾದೆಯ ವಿಷಯ ಅಲ್ವಾ ಕುಕ್ಕಪ್ಪಣ್ಣ?" ಎಂದರು.

"ಆಂಜನೇಯ ಬೇರೆ. ನನ್ನ ಬಾಳೆಗೊನೆ ಕೀಳುವವ ಬೇರೆ."

ಕುಂಞಿಪಾತುಮ್ಮ ಎದ್ದರು. ಅವರ ಮಗ ಕೀರ್ತನ್ ಪಕ್ಕ ಕೂರುವವನು. "ನಾನು ಒಂದು ಹೇಳ್ತೇನೆ. ಮನುಷ್ಯ ಹೇಗೆ ಬಂದದ್ದು ಅಂತ ನಮ್ಮ ಮನೆಯಲ್ಲಿ ನಾವು ಬೇರೆಯೇ ಹೇಳಿಕೊಡುದು. ಅದನ್ನು ಹೇಳ್ಲಿಕ್ಕೆ ಮದ್ರಸದ ಉಸ್ತಾದರಿದ್ದಾರೆ, ನಾವಿದ್ದೇವೆ. ವಿಜ್ಞಾನದಲ್ಲಿ ಎಂತ ಉಂಟು ಅಂತ ಹೇಳ್ಲಿಕ್ಕೆ ನಮ್ಮಲ್ಲಿ ಯಾರೂ ಇಲ್ಲ. ಅದಕ್ಕೇ ಅಲ್ವಾ ಬೆಳಿಗ್ಗೆ ಎದ್ದು ಚಾ ತಿಂಡಿ ಮಾಡಿ ಇಲ್ಲಿಗೆ ಕಳಿಸುದು? ಟೀಚರೂ ನಾವು ಹೇಳಿದ್ದನ್ನೇ ಹೇಳುದಾದ್ರೆ ಅವನು ಮನೆಯಲ್ಲೇ ಕೂರಬಹುದು, ಆಡು ನೋಡಿಕೊಂಡು."

ಆಮೇಲೆ ಎಲ್ಲರೂ ಒಟ್ಟಿಗೆ ಮಾತಾಡಿದರು. ಮಂಗನಿಂದ ಕೊಕ್ಕೋ ಕಾಯಿಗೆ ಆದ ನಷ್ಟ, ಶಾಲೆಯ ಶೌಚಾಲಯದ ಬಾಗಿಲು, ಎಲ್ಲ ಬಂತು. ತಿಮ್ಮಕ್ಕ ಮೇಜಿಗೆ ಅಂಗೈಯಿಂದ ಬಡಿದರು.

"ಸಾಕು. ಸಂಬಂಧ ಉಂಟು ಅಂತ ಟೀಚರು ಹೇಳಿ ಆಯ್ತು. ನನಗೆ ಬೇಕಾದ್ದು ಒಂದೇ. ಕವಲು ಒಡೆದು ಎಷ್ಟು ತಲೆಮಾರು ಆಯ್ತು?"

ಶೌಚಾಲಯದ ಬಾಗಿಲು ಅಲ್ಲಿಗೇ ಬಿಟ್ಟುಹೋಯಿತು. ಇದು ಎಲ್ಲರಿಗೂ ಗೊತ್ತಿರುವ ವಿಷಯ.

"ಏಳು ತಲೆಮಾರು ಕಳೆದ್ರೆ ಸೂತಕ ಇಲ್ಲ" ಎಂದರು ಮಾಯಿಲಪ್ಪಣ್ಣ.

"ನಮ್ಮಲ್ಲಿ ಹಾಗೆ ಇಲ್ಲ" ಎಂದರು ಇನ್ನೊಬ್ಬರು. "ತರವಾಡಿನ ದೀಪ ಒಂದೇ ಆಗಿದ್ರೆ ಎಷ್ಟು ತಲೆಮಾರಾದ್ರೂ ಉಂಟು."

"ಮಂಗ ಯಾವಾಗ ದೀಪಕ್ಕೆ ಎಣ್ಣೆ ಕೊಟ್ಟದ್ದು ಮಾರಾಯ?"

ನಾನು ಬೋರ್ಡಿನ ಹತ್ತಿರ ಹೋದೆ. ಚೀಟಿ ಎಲ್ಲಿ ಬಿತ್ತೋ ಗೊತ್ತಿಲ್ಲ. ಕವಲು ಒಡೆದು ಸುಮಾರು ಎರಡೂವರೆ ಕೋಟಿ ವರ್ಷ. ತಲೆಮಾರಿಗೆ ಇಪ್ಪತ್ತು ವರ್ಷ ಹಿಡಿಯುವ ಎಂದೆ. "ಹದಿನೆಂಟು ಹಿಡೀರಿ, ಹಿಂದೆ ಬೇಗ ಮದುವೆ" ಎಂದು ಯಾರೋ ಹೇಳಿದರು. ಭಾಗಾಕಾರಕ್ಕೆ ಕಷ್ಟ ಎಂದು ಇಪ್ಪತ್ತಕ್ಕೇ ಒಪ್ಪಿದರು. ಹನ್ನೆರಡೂವರೆ ಲಕ್ಷ ತಲೆಮಾರು. ದೊಡ್ಡದಾಗಿ ಬರೆದೆ.

ತಿಮ್ಮಕ್ಕ ಸೊನ್ನೆಗಳನ್ನು ಎಣಿಸಿದರು. "ಏಳು ಎಲ್ಲಿ, ಇದು ಎಲ್ಲಿ. ಸೂತಕ ಇಲ್ಲ."

ಗೌಡರು ಉಸಿರು ಬಿಟ್ಟರು. "ಅಂದ್ರೆ ಸಂಬಂಧ ಇಲ್ಲ ಅಂತಲೇ ಲೆಕ್ಕ."

"ಸಂಬಂಧ ಇಲ್ಲ ಅಂತ ಯಾರು ಹೇಳಿದ್ದು? ಸೂತಕ ಇಲ್ಲ ಅಂತ ಹೇಳಿದ್ದು. ಮಾತು ಬಿಟ್ಟ ಅಜ್ಜಾವರದ ನಿನ್ನ ಚಿಕ್ಕಪ್ಪನ ಹಾಗೆ, ಹೋಗಿ ಬರುದು ಇಲ್ಲ, ಸಂಬಂಧ ಉಂಟು."

ಗೌಡರು ಬೋರ್ಡಿನ ಸೊನ್ನೆಗಳನ್ನು ಬೆರಳಲ್ಲಿ ತಾವೂ ಎಣಿಸಿದರು. ಆಮೇಲೆ ನನ್ನ ಕಡೆ ತಿರುಗಿದರು. "ಈ ಲೆಕ್ಕ ಮೊದಲೇ ಮಕ್ಕಳಿಗೆ ಯಾಕೆ ಹೇಳ್ಲಿಲ್ಲ ಟೀಚರೇ?"

"ಅಷ್ಟರಲ್ಲಿ ಬೆಲ್ ಆಯ್ತು. ಮತ್ತೆ, ಆ ಭಾಗ ಪುಸ್ತಕದಲ್ಲೂ ಇಲ್ಲ."

"ಅರ್ಧ ಹೇಳಿ ಬಿಟ್ರೆ ಹೀಗೇ ಆಗುದು. ಸೋಮವಾರದಿಂದ ಪೂರ್ತಿ ಹೇಳಿ ಮುಗಿಸಿ."

ಪ್ರೇಮನಾಥ ಸರ್ ಕಣ್ಣು ತೆರೆದರು. "ಗೌಡ್ರೆ, ಅದು ಪರೀಕ್ಷೆಗೆ ಬರುದಿಲ್ಲ."

"ಮನೆಗೆ ಬರ್ತದಲ್ಲ ಮಾರಾಯ್ರೆ."

ನಡಾವಳಿ ಪುಸ್ತಕದಲ್ಲಿ ಸರ್ ಸ್ವಂತ ಕೈಯಿಂದ ಬರೆದದ್ದು: "ಮಂಗಗಳೊಂದಿಗೆ ಹನ್ನೆರಡೂವರೆ ಲಕ್ಷ ತಲೆಮಾರುಗಳ ಹಿಂದಿನ ಸಂಬಂಧವಿದ್ದು, ಸೂತಕ ಅನ್ವಯಿಸುವುದಿಲ್ಲವೆಂದು ಸಭೆಯು ಸರ್ವಾನುಮತದಿಂದ ತೀರ್ಮಾನಿಸಿತು. ಜಮೀನಿನಲ್ಲಿ ಪಾಲು ಇರುವುದಿಲ್ಲ." ಕೊನೆಯ ವಾಕ್ಯ ಮಾಯಿಲಪ್ಪಣ್ಣನ ಒತ್ತಾಯಕ್ಕೆ ಸೇರಿದ್ದು.

ನವೆಂಬರ್ 24, ಸೋಮವಾರ

ನಡಾವಳಿಯ ಪ್ರತಿಯನ್ನು ಕಚೇರಿಗೆ ಕಳುಹಿಸುವುದೋ ಬೇಡವೋ ಎಂದು ಸರ್ ಮೂರು ಸಲ ಬಂದು ಕೇಳಿದರು. ಕಳಿಸಿ ಸರ್, ಅಲ್ಲಿ ಯಾರೂ ಓದುವುದಿಲ್ಲ ಎಂದೆ. ಸಮಾಧಾನವಾಯಿತು ಅವರಿಗೆ.

ಪಾಠ ಚೆನ್ನಾಗಿ ಹೋಯಿತು. ಮೀನಿನವರೆಗೆ ಬಂದಿದ್ದೇವೆ. ಯಶಸ್ವಿ ಕುಳಿತುಕೊಂಡಳು.

ಆ್ಯಪ್ ಒಂದು ಸಂದೇಶ ಕಳಿಸಿದೆ, ಐದು ದಿನದಿಂದ ನಿಮ್ಮನ್ನು ಕಾಣಲಿಲ್ಲ ಎಂದು. ಪುಟ್ಟಿ ಮಗುಚಿಕೊಂಡಳಂತೆ, ಶನಿವಾರವೇ. ಹೇಳಲು ಅತ್ತೆಗೆ ಮರೆತುಹೋಯಿತಂತೆ, ಕೇಳಲು ನನಗೆ. ನಾಳೆಗೆ ತಿಮಿಂಗಿಲದ ಕಾಲಿನ ಮೂಳೆಯ ಚಿತ್ರ ಬೇಕು, ಸಂಪ್ರೀತ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಬೇಕು.

ನವೆಂಬರ್ 30, ಭಾನುವಾರ

ಗೌಡರ ಮನೆಯಲ್ಲಿ ನಿಂತುಹೋಗಿದ್ದ ಬಡಿಸುವ ಕಾರ್ಯ ಇವತ್ತು. ಜೀಪು ಕಳಿಸಿ ಕರೆಸಿಕೊಂಡರು. ಮಗುವನ್ನೂ ಕರೆದುಕೊಂಡು ಹೋದೆ. ಮರ್ಕಂಜದ ದಾಯಾದಿಗಳು ನನ್ನನ್ನು ನೋಡಿ, "ಇವತ್ತು ಎಲ್ಲಿಯಾದ್ರೂ ಮಂಗ ಸತ್ತ ಸುದ್ದಿ ಉಂಟಾ ಟೀಚರೇ? ಇದ್ರೆ ಉಂಡ ಮೇಲೆ ಹೇಳಿ" ಎಂದರು.

ಸಂಜೆ ಐದಕ್ಕೆ ಒಳಕೋಣೆಯಲ್ಲಿ ಸಾಲಾಗಿ ಬಾಳೆ ಎಲೆ ಹಾಕಿದರು. ಅಜ್ಜನಿಗೆ, ಅವರ ಅಣ್ಣನಿಗೆ, ಹೆರಿಗೆಯಲ್ಲಿ ತೀರಿಹೋದ ಗೌಡರ ಅತ್ತೆಯೊಬ್ಬರಿಗೆ. ತಿಮ್ಮಕ್ಕ ಸಾಲಿನ ತುದಿಯಲ್ಲಿ ಇನ್ನೊಂದು ಎಲೆ ಹಾಕಿ ನನ್ನನ್ನು ಕರೆದರು.

"ಟೀಚರೇ, ಕವಲು ಒಡೆಯುವ ಮೊದಲಿನ ಆ ಹಿರಿಯರು. ಹೆಸರೆಂತ?"

"ಗೊತ್ತಿಲ್ಲ ಅಜ್ಜಿ. ಯಾರಿಗೂ ಗೊತ್ತಿಲ್ಲ."

"ಪಾಪ. ಎಂತ ತಿಂತಿದ್ರು?"

"ಹಣ್ಣು. ಎಲೆ, ಚಿಗುರು."

"ಕೋಳಿ ಬೇಡ್ವಾ?"

"ಬೇಡ ಅಂತ ಕಾಣ್ತದೆ."

ಅವರು ಸ್ವಲ್ಪ ಬೇಸರದಿಂದಲೇ ಕೋಳಿಸಾರಿನ ಸೌಟು ಹಿಂದೆ ತೆಗೆದು, ಎರಡು ಬಾಳೆಹಣ್ಣು ಮತ್ತು ಒಂದು ಹಿಡಿ ಹರಿವೆ ಸೊಪ್ಪು ಇಟ್ಟರು. ಆಮೇಲೆ ಏನೋ ಯೋಚಿಸಿ ಉಪ್ಪಿನಕಾಯಿಯನ್ನೂ ಇಟ್ಟರು. ಕೈ ಮುಗಿದು ಬಾಗಿಲು ಮುಂದೆ ಮಾಡಿ ಎಲ್ಲರೂ ಹೊರಗೆ ಬಂದೆವು.

ಅಂಗಳದ ಆಚೆ ಎಂಟು ಹತ್ತು ಮಂಗಗಳು ಬಾಳೆಗೆ ಇಳಿದಿದ್ದವು. ಕುಕ್ಕಪ್ಪ ಗೌಡರು ಓಡಿಹೋಗಿ ಗರ್ನಾಲು ಮತ್ತು ಬೆಂಕಿಪೆಟ್ಟಿಗೆ ತಂದರು. ಆ ಪಟಾಕಿ ಒಂದು ಹೊಡೆದರೆ ಎರಡು ಗುಡ್ಡದ ಆಚೆಗೂ ಕೇಳುತ್ತದೆ.

"ಇವತ್ತೊಂದು ದಿವಸ ಬಿಡು" ಎಂದರು ತಿಮ್ಮಕ್ಕ.

"ಗೊನೆ ಪೂರ್ತಿ ಹೋಗ್ತದೆ ಅಮ್ಮ."

"ಹೋಗ್ಲಿ. ಒಳಗೆ ಅವರ ಕಡೆಯವರೂ ಉಣ್ಲಿಕ್ಕೆ ಕೂತಿದ್ದಾರೆ."

"ನಾಳೆ?"

"ನಾಳೆ ಬೆಳಿಗ್ಗೆ ಆರಕ್ಕೆ ಹೊಡಿ."

ಗೌಡರು ಬೆಂಕಿಪೆಟ್ಟಿಗೆಯನ್ನು ಅಂಗಿಯ ಕಿಸೆಗೆ ಹಾಕಿ ಮೆಟ್ಟಿಲಲ್ಲಿ ಕುಳಿತರು. ತನ್ನದೇ ಗೊನೆ ಒಂದೊಂದೇ ಹಣ್ಣಾಗಿ ಖಾಲಿಯಾಗುವುದನ್ನು ನೋಡುತ್ತಾ ನೋಡುತ್ತಾ, "ಅಲ್ಲ ಟೀಚರೇ, ಸಿಪ್ಪೆ ಸುಲಿದು ತಿನ್ಲಿಕ್ಕೆ ಅವಕ್ಕೆ ಯಾರು ಕಲಿಸಿದ್ದು? ಆ ಹಿರಿಯರೇ?" ಎಂದು ಕೇಳಿದರು.

ನಾನೂ ಮೆಟ್ಟಿಲಲ್ಲಿ ಕುಳಿತೆ. ಹೆಬ್ಬೆರಳಿನ ಕತೆಯಿಂದ ಶುರುಮಾಡಿದೆ. ಉತ್ತರ ಮುಗಿಯುವಾಗ ಕತ್ತಲಾಗಿತ್ತು, ಜೀಪು ಬಂದು ಹಾರ್ನ್ ಹಾಕುತ್ತಿತ್ತು, ಪುಟ್ಟಿ ಯಾರ ಕೈಯಲ್ಲಿದ್ದಾಳೆ ಎಂದು ಮನೆಯಿಡೀ ಹುಡುಕಬೇಕಾಯಿತು.